ಪಾಸ್‌ವರ್ಡ್ ಹಾಕಿದ ಮೇಲೆ ನಿಂತುಹೋಗುತ್ತಿದ್ದ ಅಕ್ಕೋರ ಕಂಪ್ಯೂಟರ್

2025ರ ಜುಲೈ, ಎರಡನೇ ವಾರ. ಮಳೆ ಬಿಡುವು ಕೊಡದೆ ಹೊಯ್ಯುತ್ತಿತ್ತು. ಸಂಜೆ ಅಕ್ಕೋರ ಫೋನ್ ಬಂತು.

"ತಮಾ, ಕಂಪ್ಯೂಟರ್ ಹ್ಯಾಂಗ್ ಆಗೂಕೆ ಶುರುವಾಗಿ ಎಂಟು ದಿನ ಆತು. ಪಾಸ್‌ವರ್ಡ್ ಹಾಕಿದ ಮೇಲೆ ಎರಡು ನಿಮಿಷ ಚೆನ್ನಾಗೇ ಇರ್ತದೆ. ಆಮೇಲೆ ಬಾಣ ಮಾತ್ರ ಓಡಾಡ್ತದೆ, ಬೇರೆ ಎಂತದೂ ಆಗೂದಿಲ್ಲ. ಪಕ್ಕದ ಮನೆ ಹುಡುಗ ಫಾರ್ಮ್ಯಾಟ್ ಹೊಡೀಬೇಕು ಅಂತಿದ್ದ. ಹೊಡೀಲಿ ಅನ್ಲಾ?"

"ಬೇಡ ಅಕ್ಕೋರೆ. ಬಂದ್ ಮಾಡಿ ಇಡಿ. ನಾಳೆ ನಾನೇ ಬರ್ತೇನೆ" ಎಂದೆ.

ಫಾರ್ಮ್ಯಾಟ್ ಅಂದರೆ ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿಹಾಕುವುದು. ಅಷ್ಟು ಗಡಿಬಿಡಿಯಲ್ಲಿ ಬೇಡ ಎಂದಿದ್ದಕ್ಕೆ ಕಾರಣ ಇದೆ. ಅಕ್ಕೋರು ನನಗೆ ನಾಲ್ಕನೇ ಇಯತ್ತೆಯಲ್ಲಿ ಕಲಿಸಿದವರು. ನಿವೃತ್ತರಾದ ಮೇಲೆ ಸುತ್ತಲಿನ ಹಾಲಕ್ಕಿ ಒಕ್ಕಲಿಗರ ಕೇರಿಗಳಿಗೆ ಹೋಗಿ ಅಜ್ಜಿಯಂದಿರ ಹಾಡು ರೆಕಾರ್ಡ್ ಮಾಡಿಕೊಂಡು ಬರುತ್ತಾರೆ. ಮನೆಗೆ ಬಂದು ಹೆಡ್‌ಫೋನ್ ಹಾಕಿ, ಒಂದೊಂದೇ ಸಾಲು ಕೇಳಿ, ನುಡಿ ತಂತ್ರಾಂಶದಲ್ಲಿ ಕನ್ನಡಕ್ಕೆ ಟೈಪ್ ಮಾಡುತ್ತಾರೆ. ಹತ್ತು ವರ್ಷದ ಕೆಲಸ. ಮುನ್ನೂರಕ್ಕೂ ಜಾಸ್ತಿ ರೆಕಾರ್ಡಿಂಗು. ಹಾಡಿದವರಲ್ಲಿ ಅರ್ಧದಷ್ಟು ಜನ ಈಗಿಲ್ಲ. ಹಾಲಕ್ಕಿ ಹಾಡುಗಾರ್ತಿ ಪದ್ಮಶ್ರೀ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅಂಕೋಲೆ ಕಡೆಯ ಜನಕ್ಕೆಲ್ಲ ಒಂದು ವಿಷಯ ಮನಸ್ಸಿಗೆ ನಾಟಿತು. ಈ ಹಾಡುಗಳು ಬಾಯಲ್ಲಿ ಮಾತ್ರ ಇವೆ. ಬಾಯಿ ಹೋದರೆ ಹಾಡೂ ಹೋಯಿತು. ಅಕ್ಕೋರ ಹತ್ತಿರ ಇರುವುದು ಹೆಸರು ಬಾರದ ಅಜ್ಜಿಯಂದಿರ ಹಾಡು. ಅದು ಇದ್ದದ್ದು ಈ ಒಂದೇ ಕಂಪ್ಯೂಟರಿನಲ್ಲಿ.

ಆ ಕಂಪ್ಯೂಟರಿಗೆ ಏನಾಗಿತ್ತು, ನಾನು ಎಲ್ಲಿ ದಾರಿ ತಪ್ಪಿದೆ, ಕೊನೆಗೆ ಹೇಗೆ ಗೊತ್ತಾಯಿತು ಎಂಬುದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಇದೇ ತೊಂದರೆ ಇರುವ ಮನೆಗಳು ತುಂಬಾ ಇವೆ. ಎಲ್ಲ ಕಡೆ ಮೊದಲು ಬರುವ ಮಾತು 'ವೈರಸ್ ಇರಬೇಕು, ಫಾರ್ಮ್ಯಾಟ್ ಹೊಡಿ' ಎಂಬುದೇ.

ಮನೆ ಇರುವುದು ಸಾಣಿಕಟ್ಟಾದಲ್ಲಿ. ಗೋಕರ್ಣದ ದಾರಿಯಲ್ಲಿ ಹೋದವರಿಗೆ ಗೊತ್ತು, ರಸ್ತೆಯ ಪಕ್ಕಕ್ಕೇ ಉಪ್ಪಿನ ಆಗರಗಳು. ಬೇಸಿಗೆಯಲ್ಲಿ ಗಾಳಿಗೇ ಉಪ್ಪಿನ ರುಚಿ. ಮಳೆಗಾಲದಲ್ಲಿ ಗೋಡೆ, ಹಾಸಿಗೆ, ಪುಸ್ತಕ ಎಲ್ಲಕ್ಕೂ ಥಂಡಿ. ಕಂಪ್ಯೂಟರ್ ಇಟ್ಟಿದ್ದು ಪಶ್ಚಿಮಕ್ಕೆ ತೆರೆದ ಕಿಟಕಿಯ ಕೆಳಗೆ.

2015ರಲ್ಲಿ ಜೋಡಿಸಿಕೊಟ್ಟ ಡೆಸ್ಕ್‌ಟಾಪ್ ಅದು. ನಾಲ್ಕು ಜಿಬಿ ರ‍್ಯಾಮು, 500 ಜಿಬಿಯ ಹಾರ್ಡ್ ಡಿಸ್ಕು, ವಿಂಡೋಸ್ 10. ಪಕ್ಕದಲ್ಲಿ ಒಂದು ಯುಪಿಎಸ್. ಕರೆಂಟ್ ಹೋದರೆ ಅದು ಎರಡು ಸಲ ಕಿಂಯ್ ಎಂದು ತಾನೂ ಆರಿಹೋಗುತ್ತಿತ್ತು. ಬ್ಯಾಟರಿ ಯಾವತ್ತೋ ಸತ್ತಿತ್ತು.

ಮೊದಲ ದಿನ ನಾನು ಕೈ ಹಾಕಲೇ ಇಲ್ಲ. ಅಕ್ಕೋರಿಗೇ ಶುರು ಮಾಡಲು ಹೇಳಿ ಪಕ್ಕದಲ್ಲಿ ಕೂತೆ. ಯಾರ ಮನೆಗೆ ಹೋದರೂ ನಾನು ಹೀಗೇ ಮಾಡುವುದು. ಅವರು ಹೇಗೆ ಬಳಸುತ್ತಾರೋ ಹಾಗೇ ಬಳಸುವಾಗ ಅದು ಹೇಗೆ ಕೆಡುತ್ತದೆ ಅಂತ ನೋಡಬೇಕು. ಪಾಸ್‌ವರ್ಡ್ ಹಾಕಿದರು. ಡೆಸ್ಕ್‌ಟಾಪ್ ಬಂತು. ಹಾಡಿನ ಫೋಲ್ಡರ್ ತೆರೆದರು. ಅಷ್ಟರಲ್ಲಿ ಕೆಳಗಿನ ಗಡಿಯಾರ 10.42ಕ್ಕೆ ನಿಂತಿತು. ಮೌಸಿನ ಬಾಣ ಆರಾಮಾಗಿ ಓಡಾಡುತ್ತಿತ್ತು. ಎಲ್ಲಿ ಒತ್ತಿದರೂ ಪರದೆ ಬಿಳಿಚಿಕೊಂಡು 'ನಾಟ್ ರೆಸ್ಪಾಂಡಿಂಗ್' ಎನ್ನುತ್ತಿತ್ತು. ಡಬ್ಬಿಯ ಎದುರಿನ ಸಣ್ಣ ಕೆಂಪು ದೀಪ, ಅಂದರೆ ಹಾರ್ಡ್ ಡಿಸ್ಕಿನ ದೀಪ, ಮಿಟುಕದೆ ಹತ್ತಿಕೊಂಡೇ ಇತ್ತು.

ಈ ಎರಡು ಗುರುತು ಬಹಳ ಹೇಳುತ್ತವೆ. ಬಾಣ ಓಡುತ್ತಿದೆ ಅಂದರೆ ಯಂತ್ರ ಪೂರ್ತಿ ಸತ್ತಿಲ್ಲ. ಬಾಣ ಸರಿದಾಡುವುದಕ್ಕೆ ಡಿಸ್ಕಿನಿಂದ ಏನನ್ನೂ ತರಬೇಕಿಲ್ಲ. ಉಳಿದದ್ದಕ್ಕೆ ತರಬೇಕು. ದೀಪ ಮಿಟುಕದೆ ನಿಂತಿದೆ ಅಂದರೆ ಯಾರೋ ಡಿಸ್ಕಿಗೆ ಏನೋ ಕೇಳಿದ್ದಾರೆ, ಅದು ಇನ್ನೂ ಉತ್ತರ ಕೊಟ್ಟಿಲ್ಲ. ರ‍್ಯಾಮ್ ಕೆಟ್ಟರೆ ಸಾಮಾನ್ಯವಾಗಿ ನೀಲಿ ಪರದೆ ಬರುತ್ತದೆ, ಇಲ್ಲವೆ ಬಾಣವೂ ಸೇರಿ ಎಲ್ಲ ಕಲ್ಲಾಗುತ್ತದೆ. ಬಿಸಿ ಜಾಸ್ತಿಯಾದರೆ ತಾನೇ ಆರಿಹೋಗುತ್ತದೆ. ಬಿಸಿಯನ್ನು ಅಳೆದೂ ನೋಡಿದೆ, 50 ಡಿಗ್ರಿಯ ಆಸುಪಾಸು. ಅದನ್ನು ಅಲ್ಲಿಗೇ ಬಿಟ್ಟೆ.

ಮುಂದೆ ಸೇಫ್ ಮೋಡ್. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಒತ್ತಿದರೆ ನೀಲಿ ಹಿನ್ನೆಲೆಯ ಪಟ್ಟಿ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್, ಅಲ್ಲಿ ಮತ್ತೆ ರೀಸ್ಟಾರ್ಟ್, ಆಮೇಲೆ 4. ಈ ದಾರಿಯಲ್ಲಿ ವಿಂಡೋಸ್ ತನಗೆ ತೀರಾ ಬೇಕಾದದ್ದನ್ನು ಮಾತ್ರ ಶುರು ಮಾಡುತ್ತದೆ. ಅರ್ಧ ಗಂಟೆ ಬಿಟ್ಟೆ. ಒಂದು ಸಲವೂ ನಿಲ್ಲಲಿಲ್ಲ.

ಪಕ್ಕದ ಮನೆ ಹುಡುಗ ಬಂದು ನಿಂತಿದ್ದ. ಡಿಪ್ಲೊಮಾ ಓದುವವನು, ಚುರುಕು. "ನೋಡಿ ಅಣ್ಣ, ಸೇಫ್ ಮೋಡಲ್ಲಿ ಸರಿ ಇದೆ ಅಂದ್ರೆ ಹಾರ್ಡ್‌ವೇರ್ ಚೆನ್ನಾಗಿದೆ. ಸಾಫ್ಟ್‌ವೇರೇ ಹಾಳಾಗಿದ್ದು" ಎಂದ. ಈ ಮಾತನ್ನು ನೂರು ಕಡೆ ಹೇಳುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಇಲ್ಲಿ ನಿಜ ಆಗಿರಲಿಲ್ಲ. ಯಾಕೆ ಅಂತ ಮುಂದೆ ಬರುತ್ತದೆ.

ಇವೆಂಟ್ ವ್ಯೂವರ್ ತೆರೆದೆ. ವಿಂಡೋಸ್ ತಾನು ಕಂಡ ತೊಂದರೆಗಳನ್ನೆಲ್ಲ ಬರೆದಿಡುವ ಜಾಗ ಅದು. ಸಿಸ್ಟಮ್ ಎಂಬ ವಿಭಾಗದಲ್ಲಿ 153 ಮತ್ತು 129 ಎಂಬ ಎರಡು ಸಂಖ್ಯೆಗಳು ಮತ್ತೆ ಮತ್ತೆ ಕಂಡವು. 153 ಅಂದರೆ ಡಿಸ್ಕಿಗೆ ಕೇಳಿದ ಕೆಲಸ ಆಗಲಿಲ್ಲ, ಮತ್ತೊಮ್ಮೆ ಕೇಳಬೇಕಾಯಿತು. 129 ಅಂದರೆ ಡಿಸ್ಕ್ ಉತ್ತರವನ್ನೇ ಕೊಡದ್ದರಿಂದ ಅದರ ಸಂಪರ್ಕವನ್ನು ರೀಸೆಟ್ ಮಾಡಬೇಕಾಯಿತು. ಇದು ವೈರಸ್ಸಿನ ಗುರುತಲ್ಲ. ಡಿಸ್ಕು, ಅದರ ಕೇಬಲ್ಲು, ಅದಕ್ಕೆ ಬರುವ ಕರೆಂಟು, ಈ ಮೂರರಲ್ಲಿ ಒಂದು.

ಡಬ್ಬಿ ಬಿಚ್ಚಿದೆ. ಧೂಳು ಇತ್ತು, ಅದು ಹಾರುವ ಧೂಳಲ್ಲ. ಉಪ್ಪಿನ ಗಾಳಿಯಲ್ಲಿ ನೀರು ಹೀರಿಕೊಂಡು ಮೆತ್ತಗಾಗಿ, ಬೆರಳಿಗೆ ಹಿಟ್ಟಿನ ಹಾಗೆ ಅಂಟುತ್ತಿತ್ತು. ಸ್ಕ್ರೂಗಳ ತಲೆ ತುಕ್ಕು ಹಿಡಿದು ಕಂದು. ಮೂಲೆಯಲ್ಲಿ ಹಲ್ಲಿ ಮೊಟ್ಟೆಯ ಎರಡು ಸಿಪ್ಪೆ. ಹಾರ್ಡ್ ಡಿಸ್ಕಿನಿಂದ ಮಾಹಿತಿ ಸಾಗಿಸುವ ಸಾಟಾ ಕೇಬಲ್ ಎಳೆದರೆ ಕೈಗೇ ಬಂತು, ಬಿಗಿ ಅನ್ನುವುದೇ ಇರಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ತುದಿಯ ಒಳಗಿನ ಏಳು ಸಣ್ಣ ಲೋಹದ ಪಟ್ಟಿಗಳಲ್ಲಿ ಎರಡರ ಮೇಲೆ ಹಸಿರು ಕಿಲುಬು.

ಡಿಸ್ಕಿನ ಆರೋಗ್ಯ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಇದೆ. ಪ್ರತಿ ಡಿಸ್ಕೂ ತನ್ನ ಬಗ್ಗೆ ತಾನೇ ಲೆಕ್ಕ ಇಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಅನ್ನುತ್ತಾರೆ. ಅದರಲ್ಲಿ ಸಿ7 ಎಂಬ ಸಾಲು ಕೇಬಲ್ಲಿನ ದಾರಿಯಲ್ಲಿ ಕೆಟ್ಟ ಸಂದೇಶಗಳ ಲೆಕ್ಕ. ಅಲ್ಲಿ 214 ಎಂದಿತ್ತು. ಕಿಲುಬು ಕಣ್ಣಿಗೆ ಕಂಡಿದೆ, ಲೆಕ್ಕವೂ ಅದನ್ನೇ ಹೇಳುತ್ತಿದೆ. ಇನ್ನೇನು ಬೇಕು ಅನ್ನಿಸಿತು. ಹೊಸ ಕೇಬಲ್ ಹಾಕಿದೆ, ಮದರ್‌ಬೋರ್ಡಿನ ಬೇರೆ ಕಿಂಡಿಗೆ ಸಿಕ್ಕಿಸಿದೆ. ರ‍್ಯಾಮ್ ತೆಗೆದು ಅಂಚುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಮತ್ತೆ ಕೂರಿಸಿದೆ. ಶುರು ಮಾಡಿದರೆ ಒಂದು ಗಂಟೆ ನಿಲ್ಲದೆ ನಡೆಯಿತು. ಅಕ್ಕೋರು ಚಹಾ ಮತ್ತು ಹಲಸಿನ ಹಪ್ಪಳ ಕೊಟ್ಟರು. ಕುಮಟೆಗೆ ಬಂದೆ.

ಆ ದಿನ ನಾನು ಮಾಡಿದ ತಪ್ಪನ್ನು ಇಲ್ಲಿ ಬಿಡಿಸಿ ಹೇಳಬೇಕು. ಅದೇ ಪಟ್ಟಿಯಲ್ಲಿ ಸಿ5 ಎಂಬ ಸಾಲೂ ಇತ್ತು. ಓದಲು ಹೋದರೆ ಸಿಗದೆ, 'ಇದನ್ನು ಆಮೇಲೆ ನೋಡೋಣ' ಎಂದು ಡಿಸ್ಕು ಬಾಕಿ ಇಟ್ಟ ತುಣುಕುಗಳ ಲೆಕ್ಕ ಅದು. ಅಲ್ಲಿ 18 ಎಂದಿತ್ತು. ಪಕ್ಕದಲ್ಲಿ ಹಳದಿ ಗುಂಡಿ. ನಾನು ನೋಡಿದೆ. ಆದರೆ ಕೇಬಲ್ ಸಿಕ್ಕಿದ ಖುಷಿಯಲ್ಲಿ ಅದಕ್ಕೆ ಬೆಲೆ ಕೊಡಲಿಲ್ಲ. ಕೇಬಲ್ ಸರಿಯಾದರೆ ಇದೂ ಸರಿಯಾದೀತು ಎಂದುಕೊಂಡೆ. ಸಿ7ಕ್ಕೂ ಸಿ5ಕ್ಕೂ ಸಂಬಂಧವೇ ಇಲ್ಲ. ಒಂದು ದಾರಿಯ ತೊಂದರೆ, ಇನ್ನೊಂದು ಮನೆಯ ಒಳಗಿನದು.

ಮೂರನೇ ದಿನ ಬೆಳಿಗ್ಗೆ ಫೋನು. "ತಮಾ, ನಿನ್ನೆವರೆಗೆ ಚೆನ್ನಾಗಿತ್ತು. ರಾತ್ರಿ ಕರೆಂಟ್ ಹೋತು. ಬೆಳಿಗ್ಗೆ ಹಾಕಿದ್ರೆ ಮತ್ತೆ ಅದೇ ಕತೆ."

ನಾನು ಹೊರಡುವ ಮೊದಲು ಅವರು ಇನ್ನೊಂದು ಮಾತು ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಹೇಳುತ್ತಿರಲಿಲ್ಲವೇನೋ. ಕಲಿಸಿದವರ ಕಣ್ಣು ಅದು. "ಒಂದು ವಿಚಿತ್ರ ನೋಡು. ಇವತ್ತು ಸ್ವಿಚ್ ಹಾಕಿ ದೋಸೆ ಹೊಯ್ಯೂಕೆ ಹೋದೆ. ಹತ್ತು ನಿಮಿಷ ಬಿಟ್ಟು ಬಂದು ಪಾಸ್‌ವರ್ಡ್ ಹಾಕಿದೆ. ಎರಡು ನಿಮಿಷ ಇಲ್ಲ, ಏನೂ ಇಲ್ಲ, ಹಾಕಿದ ಕೂಡ್ಲೆ ನಿಂತ್ಕೊಂಡ್ತು."

ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಇಷ್ಟು ದಿನ ನಾವೆಲ್ಲ 'ಲಾಗಿನ್ ಆದ ಮೇಲೆ' ನಿಲ್ಲುತ್ತದೆ ಎಂದುಕೊಂಡಿದ್ದೆವು. ಆದರೆ ಎರಡು ನಿಮಿಷದ ಲೆಕ್ಕ ಶುರುವಾಗುತ್ತಿದ್ದುದು ಪಾಸ್‌ವರ್ಡಿನಿಂದ ಅಲ್ಲ, ಕಂಪ್ಯೂಟರ್ ಶುರುವಾದ ಹೊತ್ತಿನಿಂದ. ಹಾಗಾದರೆ ಶುರುವಾಗಿ ಎರಡು ನಿಮಿಷಕ್ಕೆ ಯಾರು ಎದ್ದು ಕೂರುತ್ತಾರೆ?

ವಿಂಡೋಸಿನಲ್ಲಿ ಹಿನ್ನೆಲೆ ಕೆಲಸಗಳಿಗೆ ಸರ್ವಿಸ್ ಅನ್ನುತ್ತಾರೆ. ಕೆಲವು ಕೂಡಲೇ ಶುರುವಾಗುತ್ತವೆ. ಕೆಲವಕ್ಕೆ 'ಆಟೋಮ್ಯಾಟಿಕ್, ಡಿಲೇಡ್ ಸ್ಟಾರ್ಟ್' ಎಂದು ಬರೆದಿರುತ್ತದೆ. ಅವು ಮೊದಲಿನ ನೂಕುನುಗ್ಗಲು ಮುಗಿಯಲಿ ಅಂತ ಕಾದು ಆಮೇಲೆ ಏಳುತ್ತವೆ. ಹಾಗೆ ಕಾಯುವ ಅವಧಿ, ಯಾರೂ ಬದಲಿಸದಿದ್ದರೆ, 120 ಸೆಕೆಂಡು. ವಿಂಡೋಸ್ ಸರ್ಚ್ ಆ ಗುಂಪಿನದು. ಹುಡುಕಿದ ಕೂಡಲೇ ಸಿಗಲಿ ಅಂತ ನಮ್ಮ ಕಡತಗಳನ್ನೆಲ್ಲ ಒಂದೊಂದಾಗಿ ಓದಿ ಸೂಚಿ ಮಾಡಿಡುವುದು ಅದರ ಕೆಲಸ. ಸೇಫ್ ಮೋಡಿನಲ್ಲಿ ಅದು ಏಳುವುದೇ ಇಲ್ಲ.

ಒಂದು ಸಂಶಯ ಉಳಿದಿತ್ತು. ಎರಡು ದಿನ ಹೇಗೆ ಸರಿಯಿತ್ತು? ಅದಕ್ಕೂ ಉತ್ತರ ಸಿಕ್ಕಿತು. ವಿಂಡೋಸ್ 10ರಲ್ಲಿ 'ಫಾಸ್ಟ್ ಸ್ಟಾರ್ಟ್‌ಅಪ್' ಎಂಬ ಏರ್ಪಾಡು ಇದೆ. ಶಟ್‌ಡೌನ್ ಮಾಡಿದಾಗ ಅದು ಪೂರ್ತಿ ಬಂದ್ ಆಗುವುದಿಲ್ಲ. ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಸರ್ವಿಸುಗಳು ಹೊಸದಾಗಿ ಶುರುವಾಗುವುದಿಲ್ಲ. ರೀಸ್ಟಾರ್ಟ್ ಮಾಡಿದರೆ, ಅಥವಾ ಕರೆಂಟ್ ಹೋಗಿ, ಇಲ್ಲವೇ ಗುಂಡಿ ಒತ್ತಿ ಹಿಡಿದು ಕೊಂದರೆ ಮಾತ್ರ ಎಲ್ಲ ಮೊದಲಿನಿಂದ ಶುರು. ಅಕ್ಕೋರು ಎರಡು ದಿನ ಸರಿಯಾಗಿ ಶಟ್‌ಡೌನ್ ಮಾಡಿದ್ದರು, ಹಾಗಾಗಿ ತೊಂದರೆ ಕಾಣಲಿಲ್ಲ. ಕರೆಂಟ್ ಹೋದ ರಾತ್ರಿ ಬಂತು. ಒಮ್ಮೆ ಬಂದರೆ ಮುಗಿಯಿತು. ನಿಂತಿತು ಅಂತ ಗುಂಡಿ ಒತ್ತಿ ಹಿಡಿಯುವುದು, ಅದರಿಂದ ಮತ್ತೆ ಪೂರ್ತಿ ಶುರು, ಮತ್ತೆ ಎರಡು ನಿಮಿಷಕ್ಕೆ ನಿಲ್ಲುವುದು.

ಹೋದ ಕೂಡಲೇ ಫಾಸ್ಟ್ ಸ್ಟಾರ್ಟ್‌ಅಪ್ ತೆಗೆದೆ. ಪ್ರತಿ ಸಲವೂ ಒಂದೇ ಥರ ಶುರುವಾಗದಿದ್ದರೆ ಏನನ್ನು ಪರೀಕ್ಷೆ ಮಾಡುವುದು? ಆಮೇಲೆ ರೀಸ್ಟಾರ್ಟ್ ಮಾಡಿ, ಪಾಸ್‌ವರ್ಡ್ ಹಾಕಿದವನೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಪರ್ಫಾರ್ಮೆನ್ಸ್ ಪುಟದಿಂದ ಯಾವ ಕೆಲಸ ಡಿಸ್ಕನ್ನು ಎಷ್ಟು ಬಳಸುತ್ತಿದೆ ಎಂದು ತೋರಿಸುವ ರಿಸೋರ್ಸ್ ಮಾನಿಟರ್ ತೆರೆದು, ಡಿಸ್ಕ್ ಎಂಬ ಪಟ್ಟಿಯನ್ನು ದೊಡ್ಡದು ಮಾಡಿ ಕೂತೆ. ನಿಂತ ಮೇಲೆ ಇವನ್ನು ತೆರೆಯಲು ಆಗುವುದಿಲ್ಲ. ಮೊದಲೇ ತೆರೆದಿಟ್ಟರೆ ಅವು ಮೆಮೊರಿಯಲ್ಲಿ ಇರುತ್ತವೆ, ನಿಲ್ಲುವ ಹೊತ್ತಿನಲ್ಲೂ ಅಂಕಿ ತೋರಿಸುತ್ತವೆ.

ಎರಡು ನಿಮಿಷ ಆಯಿತು. ಡಿಸ್ಕಿಗೆ ಎಷ್ಟು ಕೆಲಸ ಇದೆ ಎಂದು ತೋರಿಸುವ ಗೆರೆ ನೇರ ಶೇಕಡಾ 100ಕ್ಕೆ ಹೋಗಿ ಅಂಟಿಕೊಂಡಿತು. ಕೆಳಗೆ ಓದುವ ವೇಗ: ಸೊನ್ನೆ. ಬರೆಯುವ ವೇಗ: ಸೊನ್ನೆ.

ಡಿಸ್ಕ್ 100 ಎಂದು ತೋರಿಸುವುದನ್ನು ತುಂಬಾ ಜನ ನೋಡಿರುತ್ತೀರಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅದು ದಿನಾ ಆಗುತ್ತದೆ. ಆಗ ಕೆಳಗಿನ ವೇಗವನ್ನು ನೋಡಿ. ಸೆಕೆಂಡಿಗೆ ಒಂದೋ ಎರಡೋ ಎಂಬಿ ಓಡುತ್ತಿದ್ದರೆ ಡಿಸ್ಕಿಗೆ ಕೆಲಸ ಜಾಸ್ತಿಯಾಗಿದೆ, ಅಷ್ಟೆ. ಕಾದರೆ ಮುಗಿಯುತ್ತದೆ. 100 ಇದ್ದು ವೇಗ ಸೊನ್ನೆ ಇದ್ದರೆ ಅದು ಒಂದೇ ಜಾಗವನ್ನು ಓದಲು ಒದ್ದಾಡುತ್ತಿದೆ. ಮನೆಬಳಕೆಯ ಡಿಸ್ಕುಗಳ ಸ್ವಭಾವವೇ ಹಾಗೆ. ಒಂದು ತುಣುಕು ಓದಲಾಗದಿದ್ದರೆ ಬಿಟ್ಟು ಮುಂದೆ ಹೋಗುವುದಿಲ್ಲ. ಹತ್ತಾರು ಸೆಕೆಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅಷ್ಟು ಹೊತ್ತು ಉಳಿದವರೆಲ್ಲ ಸಾಲಿನಲ್ಲಿ ನಿಲ್ಲಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಮೊದಲನೆಯವರ ಬೆರಳಚ್ಚು ಮೂಡದಿದ್ದರೆ ಹಿಂದಿನವರೆಲ್ಲ ಚೀಲ ಹಿಡಿದು ನಿಂತಿರುತ್ತಾರಲ್ಲ, ಹಾಗೆ.

ರಿಸೋರ್ಸ್ ಮಾನಿಟರಿನ ಪಟ್ಟಿಯ ಮೇಲ್ತುದಿಯಲ್ಲಿ ಕೇಳಿದವರ ಹೆಸರೂ ಇತ್ತು, ಕೇಳಿದ ಕಡತದ ಹೆಸರೂ ಇತ್ತು. ಕೇಳಿದ್ದು ವಿಂಡೋಸ್ ಸರ್ಚ್. ಕಡತ, ಅಕ್ಕೋರ ಹಾಡಿನ ಫೋಲ್ಡರಿನ ಒಂದು ಎಂಪಿ3. ಅದನ್ನು ಓದಿ ಮುಗಿಸುವ ಮೊದಲೇ ಅವರು ಗುಂಡಿ ಒತ್ತಿ ಬಂದ್ ಮಾಡುತ್ತಿದ್ದರು. ಮುಂದಿನ ಸಲ ಅದು ಬಿಟ್ಟಲ್ಲಿಂದ ಶುರು ಮಾಡಿ ಮತ್ತೆ ಅದೇ ಕಡತಕ್ಕೆ ಬಂದು ಎಡವುತ್ತಿತ್ತು.

ಪರೀಕ್ಷೆಗೆಂದು ಆ ಸರ್ವಿಸನ್ನು ನಿಲ್ಲಿಸಿ ಶುರು ಮಾಡಿದೆ. ಎಲ್ಲ ಸುಸೂತ್ರ! ಹುಡುಗನ ಮುಖ ಅರಳಿತು. "ಆಯ್ತಲ್ಲ ಅಣ್ಣ, ಸರ್ಚ್ ಬಂದ್ ಮಾಡಿಟ್ರೆ ಮುಗೀತು." ಹೀಗೆ ಸಲಹೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಇದು ಬಹಳ ಅಪಾಯದ ಸಲಹೆ ಅನ್ನಿಸುತ್ತದೆ. ದಾರಿಯಲ್ಲಿ ಹೊಂಡ ಇದೆ, ಒಬ್ಬ ಬಿದ್ದು ಕೂಗುತ್ತಿದ್ದಾನೆ. ಅವನ ಬಾಯಿ ಮುಚ್ಚಿಸಿದರೆ ಹೊಂಡ ತುಂಬುತ್ತದಾ? ಸರ್ಚ್ ನಿಲ್ಲಿಸಿದ್ದರೆ ಕಂಪ್ಯೂಟರ್ ಇನ್ನೊಂದು ತಿಂಗಳು ಚೆನ್ನಾಗಿ ನಡೆಯುತ್ತಿತ್ತು. ಆ ತಿಂಗಳಲ್ಲಿ ಡಿಸ್ಕು ಒಳಗೊಳಗೇ ಸಾಯುತ್ತಿತ್ತು. ಸೇಫ್ ಮೋಡಿನಲ್ಲಿ ಸರಿ ಕಂಡಿದ್ದೂ ಇದಕ್ಕೇ. ಹಾರ್ಡ್‌ವೇರ್ ಚೆನ್ನಾಗಿತ್ತು ಅಂತಲ್ಲ, ಆ ಕೆಟ್ಟ ಜಾಗವನ್ನು ಯಾರೂ ಮುಟ್ಟುತ್ತಿರಲಿಲ್ಲ.

ಮತ್ತೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದೆ. ಸಿ7 ಮೂರು ದಿನದಲ್ಲಿ ಒಂದೂ ಏರಿರಲಿಲ್ಲ. ಅದು ಯಾವತ್ತೂ ಇಳಿಯದ ಲೆಕ್ಕ, ಏರುವುದು ನಿಂತರೆ ಕೇಬಲ್ ಸರಿಯಾಯಿತು ಅಂತ ಅರ್ಥ. ಸಿ5 ಮಾತ್ರ 18ರಿಂದ 40ಕ್ಕೆ ಹೋಗಿತ್ತು. ಇಲ್ಲಿ ಒಂದು ಎಚ್ಚರಿಕೆ. ಆ ತಂತ್ರಾಂಶ ಮೊದಲಿಗೆ ಈ ಅಂಕಿಗಳನ್ನು ನಮ್ಮ ಹತ್ತರ ಲೆಕ್ಕದಲ್ಲಿ ತೋರಿಸುವುದಿಲ್ಲ, ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. 18 ಅಂದರೆ 24, 40 ಅಂದರೆ 64. ಸಿ7ರ 214 ಅಂದರೆ 532. ಸೆಟ್ಟಿಂಗಿನಲ್ಲಿ 'ರಾ ವ್ಯಾಲ್ಯೂಸ್' ಎಂಬಲ್ಲಿ ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಬಹುದು. ಇವೆಂಟ್ ವ್ಯೂವರಿನಲ್ಲಿ ಈ ಸಲ 7 ಎಂಬ ಸಂಖ್ಯೆಯೂ ಬಂದಿತ್ತು. ಡಿಸ್ಕಿನಲ್ಲಿ ಕೆಟ್ಟ ತುಣುಕು ಇದೆ ಎಂದು ವಿಂಡೋಸ್ ನೇರವಾಗಿ ಹೇಳುವುದು ಅದರಲ್ಲಿ.

ಇನ್ನೊಂದು ಸಾಲು ನನ್ನ ಕಣ್ಣಿಗೆ ಬಿತ್ತು, ಸಿ0. ಕರೆಂಟ್ ತಟ್ಟನೆ ಹೋದಾಗ ಓದುವ ಮುಳ್ಳನ್ನು ಗಡಿಬಿಡಿಯಲ್ಲಿ ಹಿಂದಕ್ಕೆ ಎಳೆದುಕೊಂಡ ಲೆಕ್ಕ ಅದು. ಹತ್ತರ ಲೆಕ್ಕದಲ್ಲಿ 731. ಹತ್ತು ವರ್ಷದ ಮಳೆಗಾಲ, ಸತ್ತ ಯುಪಿಎಸ್, ಎಲ್ಲ ಆ ಒಂದು ಅಂಕಿಯಲ್ಲಿ ಇತ್ತು. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಆ ತುಣುಕು ಅರ್ಧ ಬರೆದಂತಾಗಿ ಆಮೇಲೆ ಓದಲು ಬಾರದೆ ಇರಬಹುದು. ಡಿಸ್ಕಿನ ವಯಸ್ಸೂ ಆಗಿತ್ತು.

ಕಂಪ್ಯೂಟರನ್ನು ಅಲ್ಲೇ ಬಂದ್ ಮಾಡಿದೆ. "ಅಕ್ಕೋರೆ, ಇನ್ನು ಇದನ್ನು ಹಾಕಬೇಡಿ. ಡಿಸ್ಕ್ ಬಿಚ್ಚಿಕೊಂಡು ಹೋಗ್ತೇನೆ. ಮೊದಲು ಹಾಡು ತೆಗೆಯೋಣ, ಆಮೇಲೆ ಕಂಪ್ಯೂಟರ್" ಎಂದೆ. ಅವರು ಏನೂ ಮಾತಾಡಲಿಲ್ಲ. ಡಿಸ್ಕನ್ನು ಸುತ್ತಲು ಒಂದು ಹತ್ತಿಯ ಸೀರೆಯ ತುಂಡು ತಂದುಕೊಟ್ಟರು.

ಈ ಹಂತದಲ್ಲಿ ಮಾಡಬಾರದ ಕೆಲಸ ಎಂದರೆ ಚೆಕ್‌ಡಿಸ್ಕ್. ಕೆಟ್ಟ ತುಣುಕು ಹುಡುಕಿ ಸರಿಮಾಡುವ ಆಜ್ಞೆ ಕೊಟ್ಟರೆ ಅದು ಇಡೀ ಡಿಸ್ಕನ್ನು ಗಂಟೆಗಟ್ಟಲೆ ಕೆರೆಯುತ್ತದೆ. ಉಸಿರು ಹಿಡಿದುಕೊಂಡಿರುವ ಡಿಸ್ಕು ಅಲ್ಲೇ ಸಾಯಬಹುದು. ಕಡತಗಳ ಪಟ್ಟಿಯನ್ನೂ ಅದು ತನಗೆ ತೋಚಿದಂತೆ ತಿದ್ದುತ್ತದೆ. ನಕಲು ಕೈಗೆ ಬಂದ ಮೇಲೆ, ನಕಲಿನ ಮೇಲೆ ಮಾಡಬೇಕಾದ ಕೆಲಸ ಅದು. ಫಾರ್ಮ್ಯಾಟ್ ಹೊಡೆದಿದ್ದರೆ ಏನಾಗುತ್ತಿತ್ತು ಅಂತ ಹೇಳುವುದೇ ಬೇಡ.

ಹೊಸದಾಗಿ, ಒಳಗೆ ತಿರುಗುವ ತಟ್ಟೆ ಇಲ್ಲದ 512 ಜಿಬಿಯ ಡಿಸ್ಕು, ಅಂದರೆ ಎಸ್‌ಎಸ್‌ಡಿ ತಂದೆ. ಅಂಗಡಿಯಲ್ಲಿ 480 ಜಿಬಿಯದು ಕೊಡಲು ಬಂದರು, "ಇಷ್ಟು ಸಾಕು" ಅಂತ. ಸಾಕಾಗುವುದಿಲ್ಲ. ಒಂದು ಡಿಸ್ಕನ್ನು ತುಣುಕು ತುಣುಕಾಗಿ ಇದ್ದ ಹಾಗೇ ನಕಲು ಮಾಡುವಾಗ, ಒಳಗೆ ಎಷ್ಟು ತುಂಬಿದೆ ಅನ್ನುವುದು ಮುಖ್ಯವಲ್ಲ. ಹೊಸದು ಹಳೆಯದಕ್ಕಿಂತ ಒಂದು ತುಣುಕೂ ಕಡಿಮೆ ಇರಬಾರದು.

ಮನೆಯಲ್ಲಿ ಪೆನ್‌ಡ್ರೈವಿನಿಂದ ವಿಂಡೋಸಿನ ಬದಲು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಶುರು ಮಾಡಿದೆ. ಕಾರಣ, ವಿಂಡೋಸಿಗೆ ಡಿಸ್ಕ್ ಕಂಡ ಕೂಡಲೇ ಅದನ್ನು ಮುಟ್ಟುವ ಚಟ. ಲಿನಕ್ಸಿನಲ್ಲಿ ಓದುವುದಕ್ಕೆ ಮಾತ್ರ ಎಂದು ಕಟ್ಟುಹಾಕಿ ತೆರೆಯಬಹುದು. ಮೊದಲು ಟೈಪ್ ಮಾಡಿದ ಪುಟಗಳನ್ನೆಲ್ಲ ಬೇರೆ ಪೆನ್‌ಡ್ರೈವಿಗೆ ಹಾಕಿಕೊಂಡೆ. ಶುದ್ಧ ಕ್ರಮದಲ್ಲಿ ಹೋಗುವವರು ಪೂರ್ತಿ ನಕಲೇ ಮೊದಲು ಎನ್ನುತ್ತಾರೆ, ಅದು ಸರಿ ಕೂಡ. ಆದರೆ ಆ ಪುಟಗಳು ಎಲ್ಲ ಸೇರಿ ಅರವತ್ತು ಎಂಬಿ. ಅರೆ ನಿಮಿಷದ ಕೆಲಸ. ಅದು ಕೈಗೆ ಬರುವವರೆಗೆ ನನಗೆ ಸಮಾಧಾನ ಇರಲಿಲ್ಲ.

ಆಮೇಲೆ ಡಿಡಿರೆಸ್ಕ್ಯೂ. ಇದು ಉಚಿತ ತಂತ್ರಾಂಶ, ಸಾಯುವ ಡಿಸ್ಕಿನಿಂದ ಮಾಹಿತಿ ಎತ್ತುವುದಕ್ಕೇ ಇರುವುದು. ಅದರ ಬುದ್ಧಿ ಸರಳ. ಮೊದಲ ಸುತ್ತಿನಲ್ಲಿ ಸುಲಭವಾಗಿ ಬಂದದ್ದನ್ನೆಲ್ಲ ತೆಗೆದುಕೊಳ್ಳುತ್ತದೆ. ಎಲ್ಲಿ ಡಿಸ್ಕು ತಡವರಿಸಿತೋ ಆ ಜಾಗ ಗುರುತು ಮಾಡಿಕೊಂಡು ಹಾರಿ ಮುಂದೆ ಹೋಗುತ್ತದೆ. ಚೆನ್ನಾಗಿರುವುದೆಲ್ಲ ಮನೆಗೆ ಬಂದ ಮೇಲೆ ಕೆಟ್ಟ ಜಾಗಕ್ಕೆ ವಾಪಸ್ ಹೋಗಿ ಸಣ್ಣ ಸಣ್ಣದಾಗಿ ಹೆಕ್ಕುತ್ತದೆ. ಎಲ್ಲಿವರೆಗೆ ಬಂದೆ ಎಂದು ಒಂದು ನಕ್ಷೆ ಕಡತದಲ್ಲಿ ಬರೆಯುತ್ತಾ ಹೋಗುತ್ತದೆ, ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಆ ನಕ್ಷೆಯನ್ನು ಬೇರೆ ಪೆನ್‌ಡ್ರೈವಿನಲ್ಲಿ ಇಟ್ಟೆ. ಲಿನಕ್ಸ್ ನಡೆಯುತ್ತಿದ್ದುದು ಮೆಮೊರಿಯಲ್ಲಿ, ಕರೆಂಟ್ ಹೋದರೆ ನಕ್ಷೆಯೂ ಹೋಗುತ್ತದೆ.

ಆಜ್ಞೆ ಕೊಡುವಾಗ ಕೈ ನಡುಗಿತು, ಸುಳ್ಳಲ್ಲ. ಮೊದಲು ಬರೆಯುವುದು ಹಳೆಯ ಡಿಸ್ಕಿನ ಹೆಸರು, ಆಮೇಲೆ ಹೊಸದರದು. ಅದಲುಬದಲಾದರೆ ಖಾಲಿ ಡಿಸ್ಕು ಹತ್ತು ವರ್ಷದ ಮೇಲೆ ಬರೆದುಬಿಡುತ್ತದೆ. ಎರಡರ ಅಳತೆ ಮತ್ತು ಸೀರಿಯಲ್ ನಂಬರನ್ನು ಕಾಗದದಲ್ಲಿ ಬರೆದುಕೊಂಡು, ಪರದೆಯ ಮೇಲಿದ್ದುದಕ್ಕೆ ಹೋಲಿಸಿ, ಹೆಂಡತಿಗೂ ಓದಿ ಹೇಳಲು ಹೇಳಿ, ಆಮೇಲೆ ಎಂಟರ್ ಒತ್ತಿದೆ.

ರಾತ್ರಿ ಒಂಬತ್ತಕ್ಕೆ ಶುರು. ಡಿಸ್ಕಿನ ಮೇಲೆ ಟೇಬಲ್ ಫ್ಯಾನ್ ತಿರುಗಿಸಿಟ್ಟೆ. ಹನ್ನೊಂದೂವರೆಗೆ ಮೊದಲ ಸುತ್ತು ಮುಗಿಯಿತು. ಕೆಟ್ಟ ಜಾಗದಲ್ಲಿ ಟಿಕ್, ಟಿಕ್ ಎಂದು ಸಣ್ಣ ಸದ್ದು, ಆಮೇಲೆ ಮೌನ, ಮತ್ತೆ ಟಿಕ್. ಒಂದು ಗಂಟೆಯ ಮೇಲೆ ಕರೆಂಟ್ ಹೋಯಿತು. ಇನ್ವರ್ಟರ್ ಹಿಡಿಯಿತು. ಬೆಳಿಗ್ಗೆ ನಾಲ್ಕರ ಸುಮಾರಿಗೆ ಕೊನೆಯ ಲೆಕ್ಕ ಬಂತು. 500 ಜಿಬಿಯಲ್ಲಿ ಓದಲು ಆಗದೆ ಉಳಿದದ್ದು 12 ಕೆಬಿ.

ನಾಲ್ಕು ಕೆಬಿಯ ಮೂರು ತುಣುಕು. ಒಂದು ವಿಂಡೋಸಿನದೇ ಕಡತದಲ್ಲಿ. ನಕಲನ್ನು ಕಂಪ್ಯೂಟರಿಗೆ ಹಾಕಿ, ಚೆಕ್‌ಡಿಸ್ಕ್ ಮಾಡಿ, ವಿಂಡೋಸ್ ತನ್ನ ಕಡತಗಳನ್ನು ಪರೀಕ್ಷಿಸಿಕೊಳ್ಳುವ ಸಿಸ್ಟಮ್ ಫೈಲ್ ಚೆಕರ್ ಓಡಿಸಿದಾಗ ಅದು ತಾನೇ ಸರಿಮಾಡಿಕೊಂಡಿತು. ಉಳಿದ ಎರಡೂ ಆ ಒಂದೇ ಎಂಪಿ3ಯಲ್ಲಿ. ಸೆಕೆಂಡಿಗೆ 16 ಕೆಬಿಯಂತೆ ಮಾಡಿದ ರೆಕಾರ್ಡಿಂಗ್ ಅದು, ಹಾಗಾಗಿ ಹೋದದ್ದು ಅರ್ಧ ಸೆಕೆಂಡು. ಎಂಪಿ3 ಸಣ್ಣ ಸಣ್ಣ ಚೌಕಟ್ಟುಗಳಾಗಿ ಇರುತ್ತದೆ. ನಡುವೆ ಒಂದಿಷ್ಟು ಹೋದರೆ ಅದರ ಮುಂದಿನದು ಕೆಡುವುದಿಲ್ಲ.

ಹೊಸ ಡಿಸ್ಕ್ ಹಾಕಿದ ದಿನ ಅಕ್ಕೋರು ಮೊದಲು ಅದನ್ನೇ ಹಾಕಿ ಕೇಳಿದರು. ಏಳು ನಿಮಿಷದ ಹಾಡು. ನಾಲ್ಕನೇ ನಿಮಿಷದಲ್ಲಿ ಅಜ್ಜಿಯ ದನಿ ಒಂದು ಚೂರು ಎಡವಿ ಮುಂದೆ ಹೋಯಿತು. ಅವರು ನಿಲ್ಲಿಸಿ, ಹಿಂದೆ ಹಾಕಿ, ಮೂರು ಸಲ ಕೇಳಿದರು. ಆಮೇಲೆ ತಮ್ಮ ಟೈಪ್ ಮಾಡಿದ ಪುಟ ತೆರೆದು ಆ ಸಾಲಿನ ಪಕ್ಕದಲ್ಲಿ, ಇಲ್ಲಿ ಒಂದು ಶಬ್ದ ದನಿಯಲ್ಲಿ ಇಲ್ಲ, ಬರಹದಲ್ಲಿ ಇದೆ ಎಂದು ಬರೆದಿಟ್ಟರು.

ಉಳಿದ ಕೆಲಸ ಬೇಗ ಮುಗಿಯಿತು. ಸರ್ಚ್ ಸರ್ವಿಸನ್ನು ಮತ್ತೆ ಶುರು ಮಾಡಿದೆ, ಸೂಚಿಯನ್ನು ಹೊಸದಾಗಿ ಕಟ್ಟಿಸಿದೆ. ಯುಪಿಎಸ್ಸಿಗೆ ಹೊಸ ಬ್ಯಾಟರಿ. ಕಂಪ್ಯೂಟರನ್ನು ಕಿಟಕಿಯಿಂದ ಒಳಗೋಡೆಗೆ ಸರಿಸಿದೆವು. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನ ಬಿಟ್ಟು ದಿನ ಒಂದು ತಾಸು ಹಾಕಿಡಲು ಹೇಳಿದೆ. ಒಳಗಿನ ಬಿಸಿಗೆ ಥಂಡಿ ಕೂರುವುದಿಲ್ಲ. ಯಂತ್ರ ಹಳೆಯದು, ವಿಂಡೋಸ್ 11 ಅದಕ್ಕೆ ಹಿಡಿಸುವುದಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಆ ಮೇಲೆ ಅದರಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ, ಹಾಡಿಗೆ ಮಾತ್ರ ಇಟ್ಟುಕೊಳ್ಳಿ ಎಂದೆ. ಅವರಿಗೆ ಬೇಕಾದದ್ದೂ ಅಷ್ಟೇ.

ಹಾಡುಗಳ ಎರಡು ಪ್ರತಿ ಮಾಡಿದೆವು. ಒಂದು ಅವರ ಕಪಾಟಿನ ಸ್ಟೀಲ್ ಡಬ್ಬಿಯಲ್ಲಿ. ಇನ್ನೊಂದು ಉಪ್ಪಿನ ಗಾಳಿ ಇಲ್ಲದ ಊರಿನಲ್ಲಿ ಇರಲಿ ಅಂತ ಶಿರಸಿಯಲ್ಲಿರುವ ಮಗಳ ಮನೆಗೆ. ಪ್ರತಿ ಅಮಾವಾಸ್ಯೆಗೆ ಹೊಸ ಹಾಡುಗಳನ್ನು ಡಬ್ಬಿಯ ಪ್ರತಿಗೆ ಸೇರಿಸುತ್ತಾರೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾರೆ. ಹಳೆಯ ಡಿಸ್ಕು ನನ್ನ ಮೇಜಿನಲ್ಲೇ ಇದೆ, ಅದೇ ಸೀರೆಯ ತುಂಡಿನಲ್ಲಿ. ಮೇಲೆ ಚೀಟಿ ಅಂಟಿಸಿ, ಅಳಿಸಬಾರದು ಎಂದು ಬರೆದಿದ್ದೇನೆ.